ಮಸಲ್ ಬೆಳೆಸೋರಿಗೆ ಪ್ರೊಟೀನ್: ಎಷ್ಟು ಬೇಕು, ಎಷ್ಟರವರೆಗೆ ಸೇಫ್, ನಮ್ಮ ಮಲೆನಾಡಿನ ಊಟದಲ್ಲಿ ಲೆಕ್ಕ ಹಾಕೋದು ಹೇಗೆ

"ದಿನಕ್ಕೆ ಎಷ್ಟು ಪ್ರೊಟೀನ್ ತಿನ್ನಬಹುದು? ಜಾಸ್ತಿ ತಿಂದ್ರೆ ಕಿಡ್ನಿ ಹೋಗುತ್ತಂತೆ, ಹೌದಾ?" ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಶಿವಮೊಗ್ಗದಲ್ಲಿ ರೂಂ ಮಾಡಿಕೊಂಡಿರುವ ಕಾಲೇಜು ಹುಡುಗರು ಕೇಳುತ್ತಾರೆ. ತೀರ್ಥಹಳ್ಳಿ, ಸಾಗರದ ಕಡೆ ತೋಟ ನೋಡಿಕೊಂಡು ಸಂಜೆ ಜಿಮ್‌ಗೆ ಹೋಗುವವರು ಕೇಳುತ್ತಾರೆ. ಆ ಹುಡುಗರ ಅಮ್ಮಂದಿರೂ ಕೇಳುತ್ತಾರೆ, ಅವರಿಗೆ ಮಗ ಮನೆಗೆ ತಂದ ಪ್ರೊಟೀನ್ ಪೌಡರ್ ಡಬ್ಬಿ ನೋಡಿದರೇ ಹೆದರಿಕೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಕಿಡ್ನಿ ಚೆನ್ನಾಗಿದ್ದು, ವಾರಕ್ಕೆ ಮೂರ್ನಾಲ್ಕು ದಿನ ನಿಜವಾಗಿ ಭಾರ ಎತ್ತುವವರಿಗೆ ಪ್ರತಿ ಕೆಜಿ ದೇಹತೂಕಕ್ಕೆ ದಿನಕ್ಕೆ 1.6 ಗ್ರಾಂ ಪ್ರೊಟೀನ್ ಸಾಕು. 2.2 ಗ್ರಾಂವರೆಗೆ ಹೋದರೂ ಆರೋಗ್ಯವಂತರಿಗೆ ಅಪಾಯ ಕಂಡುಬಂದಿಲ್ಲ. ಅದರ ಮೇಲೆ ತಿಂದಿದ್ದರಿಂದ ಮಸಲ್ ಏನೂ ಹೆಚ್ಚಿಗೆ ಬೆಳೆಯೋದಿಲ್ಲ, ದುಡ್ಡು ಹೋಗುತ್ತದೆ ಅಷ್ಟೇ. ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಈ ಲೆಕ್ಕ ಪೂರ್ತಿ ಉಲ್ಟಾ.

ಆದರೆ ನಮ್ಮ ಕಡೆ ನಾನು ಕಂಡ ಹಾಗೆ ಜಾಸ್ತಿ ತಿಂದು ಕೆಟ್ಟವರಿಗಿಂತ ಲೆಕ್ಕ ತಪ್ಪಿದವರೇ ಜಾಸ್ತಿ. 120 ಗ್ರಾಂ ತಿನ್ನುತ್ತಿದ್ದೇನೆ ಅಂದುಕೊಂಡಿರುತ್ತಾರೆ, ಕೂತು ಬರೆದು ಕೂಡಿಸಿದರೆ 60 ದಾಟೋದಿಲ್ಲ. ಹಾಗಾಗಿ ಈ ಬರಹದಲ್ಲಿ ಅರ್ಧ ಲೆಕ್ಕದ್ದೇ ಮಾತು.

ಬೇಕಾಗುವುದು ಇಷ್ಟು: ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ, ಒಂದು ನೋಟ್‌ಬುಕ್, ಇತ್ತೀಚಿನ ರಕ್ತ ಮತ್ತು ಮೂತ್ರದ ರಿಪೋರ್ಟ್. ಮತ್ತೆ ಒಂದು ವಾರ ಬಾಯಿಗೆ ಹಾಕಿಕೊಂಡಿದ್ದನ್ನೆಲ್ಲ ಬರೆದಿಡುವ ತಾಳ್ಮೆ.

1. ಮೊದಲು ಕಿಡ್ನಿ ವಿಚಾರ ಮುಗಿಸಿ

ತಿಂದ ಪ್ರೊಟೀನ್ ಹೊಟ್ಟೆಯಲ್ಲಿ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಮಸಲ್ ಕಟ್ಟೋಕೆ ಬೇಕಾಗೋದು ಈ ಸಣ್ಣ ತುಂಡುಗಳೇ. ಬಳಕೆಯಾಗದೆ ಉಳಿದದ್ದರಲ್ಲಿರುವ ಸಾರಜನಕವನ್ನು ಲಿವರ್ ಯೂರಿಯಾ ಮಾಡುತ್ತದೆ, ಕಿಡ್ನಿ ಅದನ್ನು ಸೋಸಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಪ್ರೊಟೀನ್ ಜಾಸ್ತಿಯಾದರೆ ಕಿಡ್ನಿಗೆ ಕೆಲಸ ಜಾಸ್ತಿ, ಇದು ನಿಜ. ಆರೋಗ್ಯವಾಗಿರುವ ಕಿಡ್ನಿ ಆ ಕೆಲಸಕ್ಕೆ ಹೊಂದಿಕೊಳ್ಳುತ್ತದೆ, ಅದರಿಂದಲೇ ಹಾಳಾಗುತ್ತದೆ ಅನ್ನೋದಕ್ಕೆ ಪುರಾವೆ ಇಲ್ಲ. ಆದರೆ ಈಗಾಗಲೇ ಪೆಟ್ಟು ಬಿದ್ದಿರುವ ಕಿಡ್ನಿ ಅದೇ ಕೆಲಸಕ್ಕೆ ಇನ್ನೂ ಬೇಗ ಸವೆಯಬಹುದು.

ತೊಡಕು ಎಲ್ಲಿದೆ ಅಂದ್ರೆ, ಕಿಡ್ನಿ ರೋಗ ಶುರುವಿನಲ್ಲಿ ಏನೂ ತೋರಿಸೋದಿಲ್ಲ. ನೋವಿಲ್ಲ, ಸುಸ್ತಿಲ್ಲ, ಜಿಮ್‌ನಲ್ಲಿ ಭಾರವೂ ಎತ್ತಬಹುದು. ಅದಕ್ಕೇ ಈ ಮೂರು ಪರೀಕ್ಷೆ ಮಾಡಿಸಿ, ಯಾವ ಲ್ಯಾಬಿನಲ್ಲಾದರೂ ಮಾಡುತ್ತಾರೆ:

ಸೀರಂ ಕ್ರಿಯಾಟಿನಿನ್: ಮಸಲ್‌ನಿಂದ ರಕ್ತಕ್ಕೆ ಬರುವ ಒಂದು ಕಸ. ಕಿಡ್ನಿ ಸರಿಯಾಗಿ ಸೋಸದಿದ್ದರೆ ಇದು ಏರುತ್ತದೆ.

ಇ-ಜಿಎಫ್‌ಆರ್: ಕ್ರಿಯಾಟಿನಿನ್, ವಯಸ್ಸು ಎಲ್ಲ ಸೇರಿಸಿ ಲೆಕ್ಕ ಹಾಕಿದ, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನೋ ಅಂದಾಜು. 90ರ ಮೇಲಿದ್ದರೆ ನಾರ್ಮಲ್. ಮೂರು ತಿಂಗಳಿಗಿಂತ ಹೆಚ್ಚು ಕಾಲ 60ರ ಕೆಳಗಿದ್ದರೆ ಅದು ಕಿಡ್ನಿ ರೋಗ.

ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ: ಮೂತ್ರದಲ್ಲಿ ಪ್ರೊಟೀನ್ ಸೋರುತ್ತಿದೆಯಾ ಅಂತ ತೋರಿಸುತ್ತದೆ. 30ರ ಕೆಳಗಿರಬೇಕು. ರಕ್ತದ ರಿಪೋರ್ಟ್ ನಾರ್ಮಲ್ ಇದ್ದಾಗಲೂ ಇದು ಮೊದಲೇ ಸುಳಿವು ಕೊಡಬಹುದು, ಆದರೆ ಜನ ಬಿಟ್ಟುಬಿಡೋದು ಇದನ್ನೇ.

ಒಂದು ಎಚ್ಚರಿಕೆ. ಮೈಯಲ್ಲಿ ಮಸಲ್ ಜಾಸ್ತಿ ಇದ್ದವರಿಗೆ ಕ್ರಿಯಾಟಿನಿನ್ ಸ್ವಲ್ಪ ಮೇಲೇ ಇರುತ್ತದೆ. ಕ್ರಿಯಾಟಿನ್ ಪೌಡರ್ (ಜಿಮ್‌ನವರು ತಗೊಳ್ಳುವ ಬೇರೆಯೇ ಪುಡಿ, ಕ್ರಿಯಾಟಿನಿನ್ ಅಲ್ಲ) ತಗೊಳ್ಳುವವರಿಗೂ ಹಾಗೇ. ಹಿಂದಿನ ರಾತ್ರಿ ಬಾಡೂಟ ಹೊಡೆದು, ಬೆಳಿಗ್ಗೆ ಜಿಮ್ ಮುಗಿಸಿ, ಅಲ್ಲಿಂದ ನೇರ ಲ್ಯಾಬಿಗೆ ಹೋದರೂ ಸಂಖ್ಯೆ ಏರಿರುತ್ತದೆ. ಹಾಗಾಗಿ ಎರಡು ದಿನ ಜಿಮ್‌ಗೆ ರಜೆ ಹಾಕಿ, ಮಾಂಸ ಬಿಟ್ಟು ಹೋಗಿ, ಪೌಡರ್ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಆಮೇಲೂ ಅನುಮಾನ ಉಳಿದರೆ ಸಿಸ್ಟಾಟಿನ್-ಸಿ ಅಂತ ಇನ್ನೊಂದು ಪರೀಕ್ಷೆ ಇದೆ, ಅದರ ಮೇಲೆ ಮಸಲ್‌ನ ಪ್ರಭಾವ ಅಷ್ಟಿಲ್ಲ.

ಕಿಡ್ನಿ ರೋಗ ಇರುವವರು, ಒಂದೇ ಕಿಡ್ನಿ ಇರುವವರು, ಶುಗರ್ ಅಥವಾ ಬಿಪಿ ಇರುವವರು, ಕಿಡ್ನಿ ಕಲ್ಲು ಪದೇ ಪದೇ ಆಗುವವರು, ಯೂರಿಕ್ ಆಸಿಡ್ ಏರಿ ಹೆಬ್ಬೆರಳು ಊದುವವರು, ಲಿವರ್ ತೊಂದರೆ ಇರುವವರು, ಬಸುರಿಯರು: ಇವರೆಲ್ಲ ಇಲ್ಲೇ ನಿಲ್ಲಿ. ನಿಮ್ಮ ಸಂಖ್ಯೆಯನ್ನು ಡಾಕ್ಟರೇ ಹೇಳಬೇಕು, ನಾನಲ್ಲ, ಜಿಮ್ ಟ್ರೈನರ್ ಅಂತೂ ಅಲ್ಲವೇ ಅಲ್ಲ. ಕಿಡ್ನಿ ರೋಗ ಮುಂದುವರಿದವರಿಗೆ ಕೆಡಿಗೊ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆ ಕೆಜಿಗೆ 0.8 ಗ್ರಾಂ. ಕಾಯಿಲೆ ಹೆಚ್ಚಾಗುವ ಅಪಾಯ ಇದ್ದರೆ 1.3 ದಾಟಲೇಬೇಡಿ ಅನ್ನುತ್ತದೆ ಅದು. 18 ತುಂಬದ ಹುಡುಗರಿಗೆ ಮನೆ ಊಟ, ಮೊಟ್ಟೆ, ಹಾಲು ಸಾಕು. ಡಬ್ಬಿ ಬೇಡ.

2. ಯಾವ ತೂಕ ಹಿಡಿಯಬೇಕು

ತೆಳ್ಳಗಿರುವವರು, ಸಾಧಾರಣ ಮೈಕಟ್ಟಿನವರು ಈಗಿನ ತೂಕವನ್ನೇ ಹಿಡಿಯಿರಿ. ಹೊಟ್ಟೆ ಬಂದವರು ಹಾಗೆ ಮಾಡಬೇಡಿ. 95 ಕೆಜಿ ಇರುವವರು 95ನ್ನು 1.6ರಿಂದ ಗುಣಿಸಿದರೆ 152 ಬರುತ್ತದೆ, ಅಷ್ಟು ಅವರಿಗೆ ಬೇಕಿಲ್ಲ. ಕೊಬ್ಬಿಗೆ ಪ್ರೊಟೀನ್ ಬೇಡ ಅಲ್ವಾ. ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು 100 ಕಳೆಯಿರಿ. 170 ಸೆಂಟಿಮೀಟರ್ ಇದ್ದರೆ 70 ಕೆಜಿ ಅಂತ ಹಿಡಿಯಿರಿ. ಇದು ಒರಟು ಲೆಕ್ಕ, ಆದರೆ ನಮ್ಮ ಕೆಲಸಕ್ಕೆ ಸಾಕು.

3. ನಿಮ್ಮ ಸಂಖ್ಯೆ ಯಾವುದು

ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2020ರಲ್ಲಿ ಹೇಳಿದ್ದು ಸಾಮಾನ್ಯ ವಯಸ್ಕರಿಗೆ ಕೆಜಿಗೆ 0.83 ಗ್ರಾಂ. 65 ಕೆಜಿ ಗಂಡಸಿಗೆ ಸುಮಾರು 54 ಗ್ರಾಂ, 55 ಕೆಜಿ ಹೆಂಗಸಿಗೆ 46. ಅನ್ನವೇ ಮುಖ್ಯವಾಗಿ, ಹಾಲು ಮೊಟ್ಟೆ ಅಷ್ಟಕ್ಕಷ್ಟೇ ಇರುವ ಊಟವಾದರೆ 1 ಗ್ರಾಂ ಹಿಡಿಯಬೇಕು, ಯಾಕಂದ್ರೆ ಧಾನ್ಯದ ಪ್ರೊಟೀನ್‌ನ ಗುಣಮಟ್ಟ ಸ್ವಲ್ಪ ಕಡಿಮೆ. ನಮ್ಮ ಮಲೆನಾಡಿನ ಬಹಳ ಮನೆಗಳ ಊಟ ಈ ಲೆಕ್ಕಕ್ಕೇ ಬರುತ್ತದೆ.

"ತೋಟದಲ್ಲಿ ದಿನವಿಡೀ ದುಡಿಯುತ್ತೇನೆ, ನನಗೂ ಜಿಮ್‌ನವರಷ್ಟೇ ಬೇಕಲ್ವಾ?" ಅಂತಲೂ ಕೇಳುತ್ತಾರೆ. ಬೇಕಿಲ್ಲ. ಗೊಬ್ಬರ ಹೊರುವುದು, ಅಡಿಕೆ ಕೊನೆ ತೆಗೆಯುವುದು ಇಂಥ ಕೆಲಸಕ್ಕೆ ಜಾಸ್ತಿ ಬೇಕಾಗೋದು ಕ್ಯಾಲೊರಿ, ಅಂದರೆ ಒಟ್ಟು ಊಟ. ಐಸಿಎಂಆರ್ ಲೆಕ್ಕದಲ್ಲಿ ಕುಳಿತು ಕೆಲಸ ಮಾಡುವವರಿಗೂ ಮೈಮುರಿದು ದುಡಿಯುವವರಿಗೂ ಪ್ರೊಟೀನ್ ಅಷ್ಟೇ, ಕ್ಯಾಲೊರಿ ಮಾತ್ರ ಬೇರೆ.

ತೂಕ ಎತ್ತಿ ಮಸಲ್ ಬೆಳೆಸೋರ ಕಥೆ ಬೇರೆ. ಈ ವಿಷಯದ ಹತ್ತಾರು ಅಧ್ಯಯನಗಳನ್ನು ಒಟ್ಟು ಸೇರಿಸಿ 2018ರಲ್ಲಿ ಒಂದು ವಿಶ್ಲೇಷಣೆ ಬಂತು. ಅದರಲ್ಲಿ ಸುಮಾರು 1.6 ಗ್ರಾಂವರೆಗೆ ಲಾಭ ಏರುತ್ತಾ ಹೋಗಿ, ಆಮೇಲೆ ನಿಂತುಬಿಟ್ಟಿದೆ. ಒಬ್ಬೊಬ್ಬರ ಮೈ ಒಂದೊಂದು ಥರ ಇರೋದರಿಂದ ಮೇಲಿನ ಅಂಚು 2.2ರವರೆಗೆ ಹೋಗಬಹುದು ಅಂತ ಅಂದಾಜು. ನಮ್ಮ ಐಸಿಎಂಆರ್‌ನ 2024ರ ಆಹಾರ ಮಾರ್ಗಸೂಚಿಯೂ 1.6ರ ಮೇಲೆ ಹೆಚ್ಚಿನ ಲಾಭ ಇಲ್ಲ ಅಂತಲೇ ಹೇಳುತ್ತದೆ. ಹಾಗಾಗಿ:

ಹೊಸದಾಗಿ ಶುರು ಮಾಡಿದವರು: ಕೆಜಿಗೆ 1.2 ರಿಂದ 1.4 ಗ್ರಾಂ.
ಕೆಲವು ತಿಂಗಳಿಂದ ಬಿಡದೆ ಎತ್ತುತ್ತಿರುವವರು: 1.6.
ಊಟ ಕಡಿಮೆ ಮಾಡಿ ಕೊಬ್ಬು ಇಳಿಸುತ್ತಾ ಮಸಲ್ ಉಳಿಸಿಕೊಳ್ಳಬೇಕು ಅನ್ನುವವರು: 2ರ ಆಸುಪಾಸು.
ಮೇಲಿನ ಗೆರೆ: 2.2.

3 ಗ್ರಾಂ ದಾಟಿ ತಿಂದವರ ಮೇಲೂ ಒಂದು ವರ್ಷದ ಅಧ್ಯಯನ ಆಗಿದೆ, ಅವರಿಗೆ ಏನೂ ಆಗಲಿಲ್ಲ ಅಂತ ಯೂಟ್ಯೂಬಿನಲ್ಲಿ ಹೇಳೋರಿದ್ದಾರೆ. ಸುಳ್ಳಲ್ಲ, ಆದರೆ ಅದು ಮೊದಲೇ ಪಳಗಿದ ಬೆರಳೆಣಿಕೆಯ ಮಂದಿಯ ಮೇಲೆ ಮಾಡಿದ್ದು. ಹತ್ತು ಇಪ್ಪತ್ತು ವರ್ಷ ಹಾಗೆ ತಿಂದರೆ ಏನು ಅನ್ನೋದು ಅದರಿಂದ ತಿಳಿಯೋದಿಲ್ಲ. ಅಷ್ಟು ತಿಂದು ಸಿಗೋದಾದರೂ ಏನು? ಸುಮ್ನೆ ಯಾಕೆ.

4. ಒಂದು ವಾರ ತೂಗಿ, ಬರೆಯಿರಿ

ಇದೇ ಮುಖ್ಯ ಹಂತ, ಎಲ್ಲರೂ ಹಾರಿಸಿಬಿಡೋದೂ ಇದನ್ನೇ.

ಮೊದಲ ತಪ್ಪು: 100 ಗ್ರಾಂ ಕೋಳಿ ಅಂದ್ರೆ 100 ಗ್ರಾಂ ಪ್ರೊಟೀನ್ ಅಂದುಕೊಳ್ಳೋದು. ಹಾಗಲ್ಲ. ಮೂಳೆ ಇಲ್ಲದ 100 ಗ್ರಾಂ ಹಸಿ ಕೋಳಿ ಮಾಂಸದಲ್ಲಿ 22 ಗ್ರಾಂ ಆಸುಪಾಸು ಇರುತ್ತದೆ, ಉಳಿದದ್ದರಲ್ಲಿ ನೀರೇ ಜಾಸ್ತಿ. ಮೂಳೆ ಸಮೇತ ತಂದರೆ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕಳೆಯಿರಿ.

ಎರಡನೇ ತಪ್ಪು: ಬೇಳೆಕಾಳನ್ನು ಬೇಯಿಸಿದ ಮೇಲೆ ತೂಗಿ, ಹಸಿಯ ಲೆಕ್ಕ ಹಿಡಿಯೋದು. 100 ಗ್ರಾಂ ಹಸಿ ತೊಗರಿಬೇಳೆಯಲ್ಲಿ 22 ಗ್ರಾಂ ಪ್ರೊಟೀನ್ ಇದೆ, ಸರಿ. ಬೆಂದ ಮೇಲೆ ಅದು ನೀರು ಕುಡಿದು ಊದಿರುತ್ತದೆ. ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಸಿಗೋದು 7 ಗ್ರಾಂ ಅಷ್ಟೇ. ಯಾವಾಗಲೂ ಹಸಿಯದನ್ನೇ ತೂಗಿ.

ಮೂರನೆಯದು ಪಕ್ಕಾ ನಮ್ಮೂರಿನ ತಪ್ಪು: ಸಾರು. ಹುರಳಿ ಕಟ್ಟಿನ ಸಾರು ನೆನಪು ಮಾಡಿಕೊಳ್ಳಿ. ಹುರಳಿ ಬೇಯಿಸಿ, ಕಟ್ಟು ಬಸಿದು, ಅದಕ್ಕೆ ಹುಳಿ ಖಾರ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಕುದಿಸುತ್ತೇವೆ. ಮಳೆಗಾಲದಲ್ಲಿ ಅದರ ಮುಂದೆ ಬೇರೆ ಯಾವುದೂ ಇಲ್ಲ, ಒಪ್ಪಿದೆ. ಆದರೆ ಬೆಂದ ಹುರಳಿ ಎಲ್ಲಿಗೆ ಹೋಗುತ್ತದೆ? ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಗೆ. ಪ್ರೊಟೀನ್‌ನ ದೊಡ್ಡ ಪಾಲು ಆ ಕಾಳಿನಲ್ಲೇ ಉಳಿದಿರುತ್ತದೆ. ಅಂದರೆ ಮಸಲ್ ಬೆಳೆಸೋದು ನೀವು, ಪ್ರೊಟೀನ್ ತಿನ್ನೋದು ದನ. ಅರ್ಧ ಕಾಳನ್ನಾದರೂ ಎತ್ತಿಟ್ಟುಕೊಂಡು ಈರುಳ್ಳಿ, ತೆಂಗಿನತುರಿ ಹಾಕಿ ಪಲ್ಯ ಮಾಡಿ. ತಿಳಿ ಸಾರು, ರಸಂ, ಕೋಳಿ ಸಾರಿನ ರಸ ಎಲ್ಲದಕ್ಕೂ ಇದೇ ಮಾತು: ಪ್ರೊಟೀನ್ ಇರೋದು ತುಂಡಿನಲ್ಲಿ, ಕಾಳಿನಲ್ಲಿ.

ಹಾಗೇ ಕಳಲೆ, ಹಲಸಿನ ಬೀಜ, ಅಣಬೆ. "ಕಾಡಿನದು, ಶಕ್ತಿ ಜಾಸ್ತಿ" ಅನ್ನುತ್ತಾರೆ. ರುಚಿ ಇದೆ, ನಾರಿದೆ, ತಿನ್ನಿ. ಪ್ರೊಟೀನ್ ಲೆಕ್ಕಕ್ಕೆ ಮಾತ್ರ ಹಿಡಿಯಬೇಡಿ.

ಮನೆಯಲ್ಲಿ ಬರೆದು ಅಂಟಿಸಿಕೊಳ್ಳೋಕೆ ಅಂದಾಜು ಲೆಕ್ಕ ಇಲ್ಲಿದೆ. ಒಂದು ಕೋಳಿಮೊಟ್ಟೆ 6 ಗ್ರಾಂ. ಹಾಲು 200 ಮಿಲಿಗೆ 6. ಮೊಸರು 100 ಗ್ರಾಂಗೆ 3.5. ಪನೀರ್ 100 ಗ್ರಾಂಗೆ 18. ಬಂಗುಡೆ, ತಲೆ ಮುಳ್ಳು ಬಿಟ್ಟು 100 ಗ್ರಾಂಗೆ 20. ಹುರಳಿ, ಹೆಸರು, ಅಲಸಂದೆ, ಕಡಲೆ ಹಸಿಯದು 100 ಗ್ರಾಂಗೆ 20ರಿಂದ 24. ಶೇಂಗಾ 100 ಗ್ರಾಂಗೆ 25, ಆದರೆ ಜೊತೆಗೆ ಎಣ್ಣೆಯೂ ಬರುತ್ತದೆ. ಸೋಯಾ ಚಂಕ್ಸ್ ಒಣದು 100 ಗ್ರಾಂಗೆ 52. ಅನ್ನ, ಬೆಂದದ್ದು, 100 ಗ್ರಾಂಗೆ 2.5.

ಈಗ 70 ಕೆಜಿ ಇರುವವರ ಒಂದು ದಿನ ನೋಡೋಣ. ಗುರಿ 112 ಗ್ರಾಂ. ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ, ಮೂರು ಮೊಟ್ಟೆ: 25. ಮಧ್ಯಾಹ್ನ ಅನ್ನ, 40 ಗ್ರಾಂ ಅಲಸಂದೆ ಕಾಳಿನ ಪಲ್ಯ, ಎರಡು ಬಂಗುಡೆ, ಒಂದು ಬಟ್ಟಲು ಮೊಸರು: 44. ಸಂಜೆ ಒಂದು ಹಿಡಿ ಶೇಂಗಾ, ಒಂದು ಲೋಟ ಹಾಲು: 13. ರಾತ್ರಿ ಅನ್ನ, ಮೂಳೆ ಇಲ್ಲದ 120 ಗ್ರಾಂ ಕೋಳಿ: 32. ಒಟ್ಟು 114. ಡಬ್ಬಿ ಇಲ್ಲದೆ ಆಯಿತು.

ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ, ಆಗದ ಮಾತಲ್ಲ. 62 ಕೆಜಿಗೆ ಗುರಿ 99. ದಿನಪೂರ್ತಿ ತಿನ್ನುವ ಅನ್ನ, ರೊಟ್ಟಿ, ದೋಸೆಯಿಂದ 15. ಮೊಳಕೆ ಹೆಸರುಕಾಳು, ಒಣದಿದ್ದಾಗ 50 ಗ್ರಾಂ, 12. ಹಾಲು 400 ಮಿಲಿ, 12. ಸೋಯಾ ಚಂಕ್ಸ್ 50 ಗ್ರಾಂ, 26. ಮೊಸರು 200 ಗ್ರಾಂ, 7. ಹುರಿದ ಕಡಲೆ 50 ಗ್ರಾಂ, 10. ಪನೀರ್ 100 ಗ್ರಾಂ, 18. ಒಟ್ಟು 100. ಧಾನ್ಯದಲ್ಲಿ ಕಡಿಮೆ ಇರುವ ಅಮೈನೋ ಆಮ್ಲ ಬೇಳೆಕಾಳಿನಲ್ಲಿದೆ, ಬೇಳೆಕಾಳಿನಲ್ಲಿ ಕಡಿಮೆ ಇರುವುದು ಧಾನ್ಯದಲ್ಲಿದೆ. ಹಾಗಾಗಿ ಎರಡೂ ದಿನದ ಊಟದಲ್ಲಿ ಇರಲಿ, ಒಂದೇ ತುತ್ತಿನಲ್ಲೇ ಇರಬೇಕು ಅಂತೇನಿಲ್ಲ.

ಮಳೆಗಾಲಕ್ಕೆ ಬೇರೆ ಪ್ಲಾನ್ ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಘಟ್ಟ ಹತ್ತಿ ಬರುವ ಮೀನು ಕಡಿಮೆಯಾಗುತ್ತದೆ, ಬಂಗುಡೆ ರೇಟು ಕೇಳೋ ಹಾಗಿಲ್ಲ. ಆಗ ಮೊಟ್ಟೆ, ಹುರಳಿ, ಸೋಯಾ ಹೆಚ್ಚು ಮಾಡಿ. ಗದ್ದೆ ಏಡಿ ಸಿಕ್ಕರೆ ಅದೃಷ್ಟ. ಒಣಮೀನಿನಲ್ಲಿ ಪ್ರೊಟೀನ್ ದಟ್ಟವಾಗಿದೆ, ಉಪ್ಪೂ ಅಷ್ಟೇ ದಟ್ಟ. ಬಿಪಿ ಇರುವವರು ಅದರ ತಂಟೆಗೆ ಹೋಗಬೇಡಿ.

5. ಒಂದೇ ಹೊತ್ತಿಗೆ ಸುರಿಯಬೇಡಿ

ಬೆಳಿಗ್ಗೆ ಬರೀ ಕಡುಬು ಚಟ್ನಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅರ್ಧ ಕೆಜಿ ಚಿಕನ್: ಈ ಪದ್ಧತಿ ಬಿಡಿ. ಮೂರ್ನಾಲ್ಕು ಹೊತ್ತಿಗೆ ಹಂಚಿ, ಹೊತ್ತಿಗೆ 25ರಿಂದ 35 ಗ್ರಾಂ ಬರುವ ಹಾಗೆ. ಒಂದು ಸಲಕ್ಕೆ 30 ಗ್ರಾಂಗಿಂತ ಜಾಸ್ತಿ ಮೈಗೆ ಹತ್ತೋದೇ ಇಲ್ಲ ಅನ್ನೋದು ತಪ್ಪು, ಹತ್ತುತ್ತದೆ. ಹಂಚಿ ತಿಂದರೆ ಮಸಲ್‌ಗೆ ಸ್ವಲ್ಪ ಅನುಕೂಲ, ಹೊಟ್ಟೆಗೂ ಹಗುರ. ಜಿಮ್ ಮುಗಿದು ಅರ್ಧ ಗಂಟೆಯೊಳಗೆ ಕುಡಿಯಲೇಬೇಕು ಅಂತ ಶೇಕರ್ ಹಿಡಿದು ಓಡುವ ಅಗತ್ಯ ಇಲ್ಲ, ಮನೆಗೆ ಹೋಗಿ ಊಟ ಮಾಡಿ.

ಹಸಿ ಮೊಟ್ಟೆ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗರಡಿ ಮನೆ ಕಾಲದಿಂದ ಬಂದ ರೂಢಿ, ಪೈಲ್ವಾನರು ಕುಡಿಯುತ್ತಿದ್ದರು ಅಂತ ಈಗಲೂ ಒಡೆದು ಕುಡಿಯುವವರಿದ್ದಾರೆ. ಬೇಯಿಸಿದ ಮೊಟ್ಟೆಯ ಪ್ರೊಟೀನ್ ಶೇಕಡ 90ರಷ್ಟು ಜೀರ್ಣವಾದರೆ ಹಸಿಯದು ಶೇಕಡ 50ರಷ್ಟು ಮಾತ್ರ. ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾದ ಭಯ ಬೇರೆ. ಬೇಯಿಸಿ ತಿನ್ನಿ.

6. ಪೌಡರ್ ಬೇಕಾ?

ವ್ಹೇ ಅಂದರೆ ಹಾಲು ಒಡೆದಾಗ ಮೇಲೆ ನಿಲ್ಲುವ ತಿಳಿನೀರಿನಿಂದ ತೆಗೆದ ಪ್ರೊಟೀನ್, ಅಷ್ಟೇ. ವಿಷವೂ ಅಲ್ಲ, ಅಮೃತವೂ ಅಲ್ಲ. ಒಂದು ಸ್ಕೂಪಿನಲ್ಲಿ ಸಾಮಾನ್ಯವಾಗಿ 24 ಗ್ರಾಂ, ಅಂದರೆ ನಾಲ್ಕು ಮೊಟ್ಟೆಯಷ್ಟು. ಐಸಿಎಂಆರ್ ಪೌಡರ್ ಬೇಡ ಅಂತಲೇ ಹೇಳುತ್ತದೆ. ನನ್ನ ಅಭಿಪ್ರಾಯ ಕೇಳಿದರೆ: ಮೊದಲು ಒಂದು ತಿಂಗಳು ಊಟದಲ್ಲೇ ಪ್ರಯತ್ನ ಮಾಡಿ. ದಿನಾ 20-25 ಗ್ರಾಂ ಕಮ್ಮಿ ಬೀಳುತ್ತಲೇ ಇದ್ದರೆ ಆಗ ಒಂದು ಸ್ಕೂಪ್ ತಗೊಳ್ಳಿ. ಎರಡು ಮೂರು ಸ್ಕೂಪ್ ಕುಡಿದು ಊಟ ಬಿಡೋದು ಮಾತ್ರ ಬೇಡ.

ಕೊಳ್ಳುವಾಗ ಡಬ್ಬಿಯ ಹಿಂಭಾಗ ಓದಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಅದು ಅಸಲಿಯಾ ಅಂತ ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲಿ ನೋಡಬಹುದು. ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್ ಅಂತ ಬಿಡಿಯಾಗಿ ಸೇರಿಸಿದ್ದರೆ ಅನುಮಾನ ಪಡಿ. ಅಗ್ಗದ ಇಂಥ ಅಮೈನೋ ಆಮ್ಲ ಬೆರೆಸಿ ಪರೀಕ್ಷೆಯಲ್ಲಿ ಪ್ರೊಟೀನ್ ಜಾಸ್ತಿ ಕಾಣೋ ಹಾಗೆ ಮಾಡುವ ಮೋಸಕ್ಕೆ ಅಮೈನೋ ಸ್ಪೈಕಿಂಗ್ ಅನ್ನುತ್ತಾರೆ. ತೂಕ ಏರಿಸೋಕೆ ಅಂತ ಮಾರುವ ಮಾಸ್ ಗೇನರ್ ಅನ್ನೋದು ಬಹುಪಾಲು ಮಾಲ್ಟೋಡೆಕ್ಸ್ಟ್ರಿನ್, ಅಂದರೆ ಪಿಷ್ಟದ ಪುಡಿ. ಅದರ ಬದಲು ಎರಡು ಬಾಳೆಹಣ್ಣು ತಿನ್ನಿ. ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೆ ವ್ಹೇ ಕಾನ್ಸಂಟ್ರೇಟ್ ಅನ್ನೋ ಬಗೆ ಆಗಿಬರೋದಿಲ್ಲ, ಹಾಲಿನ ಸಕ್ಕರೆಯನ್ನು ಹೆಚ್ಚುಕಡಿಮೆ ತೆಗೆದ ಐಸೊಲೇಟ್ ಸ್ವಲ್ಪ ಪರವಾಗಿಲ್ಲ.

ರೇಟು ಹೋಲಿಸೋಕೆ ಒಂದೇ ದಾರಿ. ಡಬ್ಬಿಯ ಬೆಲೆಯನ್ನು ಅದರೊಳಗಿನ ಒಟ್ಟು ಪ್ರೊಟೀನ್ ಗ್ರಾಂನಿಂದ ಭಾಗಿಸಿ. ಮೊಟ್ಟೆಯ ಬೆಲೆಯನ್ನು 6ರಿಂದ ಭಾಗಿಸಿ. ಸೋಯಾಕ್ಕೂ ಹಾಗೇ ಮಾಡಿ ನೋಡಿ, ಯಾವುದು ಅಗ್ಗ ಅಂತ ಗೊತ್ತಾಗುತ್ತದೆ.

ಲೇಬಲ್ ಇಲ್ಲದ ಡಬ್ಬಿ, ಬಿಡಿ ಪ್ಯಾಕೆಟ್, "ಇದು ಸ್ಪೆಷಲ್, ಹೊರಗೆ ಹೇಳಬೇಡ" ಅಂತ ಯಾರಾದರೂ ಕೊಡುವ ಮಾತ್ರೆ, ಇಂಜೆಕ್ಷನ್: ಮುಟ್ಟಲೇಬೇಡಿ. ಸ್ಟೀರಾಯ್ಡ್ ಇದ್ದರೆ ಹೃದಯ, ಲಿವರ್, ಹಾರ್ಮೋನ್ ಎಲ್ಲಕ್ಕೂ ಹೊಡೆತ. ಪ್ರೊಟೀನ್‌ನಿಂದ ಕಿಡ್ನಿ ಹೋಯಿತು ಅಂತ ಊರಲ್ಲಿ ಕತೆ ಕೇಳಿದಾಗ, ಆ ಹುಡುಗ ಜೊತೆಗೆ ಇನ್ನೇನು ತಗೊಳ್ಳುತ್ತಿದ್ದ ಅಂತಲೂ ವಿಚಾರಿಸಿ.

7. ನೀರು, ಸೊಪ್ಪು, ಒಟ್ಟು ಊಟ

ಪ್ರೊಟೀನ್ ಏರಿಸಿ ಅನ್ನ ತೀರಾ ಕಡಿಮೆ ಮಾಡಿದರೆ, ಮೈ ಅದೇ ಪ್ರೊಟೀನನ್ನು ಸೌದೆ ಥರ ಉರಿಸಿಬಿಡುತ್ತದೆ. ಮಸಲ್ ಬೆಳೀಬೇಕು ಅಂದರೆ ಹೊಟ್ಟೆ ತುಂಬಾ ಊಟ ಬೇಕು.

ಜಿಮ್ ಶುರು ಮಾಡಿದವರ ಇನ್ನೊಂದು ದೂರು ಮಲಬದ್ಧತೆ. ಚಿಕನ್, ಮೊಟ್ಟೆಯಲ್ಲಿ ನಾರು ಸೊನ್ನೆ. ಬಸಳೆ, ಹರಿವೆ, ಬಾಳೆದಿಂಡು ದಿನಾ ಇರಲಿ. ಬಾಳೆದಿಂಡಿನಿಂದ ನಾರು ಸಿಗುತ್ತದೆ ನಿಜ, ಆದರೆ ಅದರಿಂದ ಕಿಡ್ನಿ ಕಲ್ಲು ಕರಗುತ್ತದೆ ಅಂತ ನಂಬಿ ಡಾಕ್ಟರನ್ನು ಬಿಡಬೇಡಿ. ನೀರಿನ ವಿಷಯಕ್ಕೆ ಮಳೆಗಾಲದಲ್ಲೇ ಜಾಸ್ತಿ ಎಚ್ಚರ ಬೇಕು. ಹೊರಗೆ ಧೋ ಅಂತ ಸುರಿಯುವಾಗ ಬಾಯಾರಿಕೆಯೇ ಆಗೋದಿಲ್ಲ, ದಿನಕ್ಕೆ ನಾಲ್ಕು ಲೋಟವೂ ಒಳಗೆ ಹೋಗಿರೋದಿಲ್ಲ. ಮೂತ್ರ ತಿಳಿ ಹಳದಿ ಇರುವಷ್ಟು ಕುಡಿಯಿರಿ. ಕಾಫಿ ಮೇಲೆ ಕಾಫಿ ಕುಡಿದು ನೀರು ಕುಡಿದೆ ಅನ್ನಬೇಡಿ.

8. ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಿ

ತೂಕ, ಸೊಂಟದ ಸುತ್ತಳತೆ, ಎಷ್ಟು ಭಾರ ಎತ್ತುತ್ತೀರಿ: ಈ ಮೂರನ್ನು ಬರೆದಿಡಿ. ಭಾರ ಏರುತ್ತಿದ್ದು ಸೊಂಟ ಅಷ್ಟೇ ಇದ್ದರೆ ದಾರಿ ಸರಿ ಇದೆ, ಪ್ರೊಟೀನ್ ಏರಿಸಬೇಡಿ. ಸೊಂಟ ಮಾತ್ರ ಏರುತ್ತಿದ್ದರೆ ಒಟ್ಟು ಊಟ ಜಾಸ್ತಿಯಾಗಿದೆ. ಯಾವುದೂ ಏರದಿದ್ದರೆ ನಿದ್ದೆ, ಎತ್ತುವ ಕ್ರಮ ನೋಡಿ, ಆಮೇಲೆ ಊಟ.

ಮೊದಲ ರಿಪೋರ್ಟ್ ಸರಿ ಇದ್ದವರು ವರ್ಷಕ್ಕೊಮ್ಮೆ ಅದೇ ಮೂರು ಪರೀಕ್ಷೆ ಮಾಡಿಸಿದರೆ ಸಾಕು. ಮೂತ್ರದಲ್ಲಿ ನೊರೆ ಬಂದು ನಿಂತೇ ಇರುವುದು, ಬೆಳಿಗ್ಗೆ ಕಣ್ಣಿನ ಸುತ್ತ ಅಥವಾ ಸಂಜೆ ಕಾಲು ಊದುವುದು, ಸೊಂಟದ ಪಕ್ಕದಿಂದ ಇಳಿಯುವ ಜೋರು ನೋವು, ಮೂತ್ರ ಕೆಂಪು ಅಥವಾ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು: ಇದರಲ್ಲಿ ಒಂದು ಕಂಡರೂ ವರ್ಷ ಕಾಯಬೇಡಿ. ಅದರಲ್ಲೂ ತುಂಬಾ ದಿನ ಬಿಟ್ಟು ಜಿಮ್‌ಗೆ ಹೋಗಿ, ಒಂದೇ ದಿನ ಮೈಮುರಿಯೋ ಹಾಗೆ ಎತ್ತಿದ ಮೇಲೆ ಮೈಕೈ ವಿಪರೀತ ನೋವಿದ್ದು ಮೂತ್ರ ಕಪ್ಪಾದರೆ, ಅದು ಮಸಲ್ ಒಡೆದು ಕಿಡ್ನಿಗೆ ಇಳಿದಿರುವ ಲಕ್ಷಣ. ಬೆಳಗಾಗಲಿ ಅಂತ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಿ.